ಯಾಕೆ ಓದುತ್ತಿದ್ದೀಯ, ಮೊದಲು ಅದು ಹೇಳು

ಇಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆದು ಬದುಕುವವರು. ಅಕ್ಕ ಈ ಕೆಲಸದಲ್ಲಿ ಹಳಬಳು. ತಮ್ಮ ಬಿಲ್ ಪಾವತಿಯ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದಾನೆ. ಕೋಡ್ ಬರೆಯುವುದಕ್ಕಿಂತ ಓದುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ ಎಂಬ ಮಾತಿಗೆ ಇಬ್ಬರದೂ ಒಪ್ಪಿಗೆ ಇದೆ. ಹೇಗೆ ಓದಬೇಕು ಎಂಬಲ್ಲಿ ಮಾತ್ರ ತಕರಾರು.

ತಮ್ಮ: ಅಕ್ಕಾ, ಒಂದು ಪಂಚಾಯ್ತಿ ತೀರ್ಮಾನ ಮಾಡಿಕೊಡು. ನಮ್ಮ ಟೀಮಿನಲ್ಲಿ ಎರಡು ಪಂಗಡ. ಹೊಸ ಕೋಡ್ ಕೈಗೆ ಬಂದರೆ ಮೊದಲಿನಿಂದ ಕೊನೆವರೆಗೆ ಕ್ರಮವಾಗಿ ಓದಬೇಕು, ಇಲ್ಲದಿದ್ದರೆ ಅರ್ಧಂಬರ್ಧ ತಿಳಿವಳಿಕೆಯಾಗುತ್ತದೆ ಅನ್ನುತ್ತದೆ ಒಂದು ಪಂಗಡ. ಟಿಕೆಟ್ಟಿಗೆ ಎಷ್ಟು ಬೇಕೋ ಅಷ್ಟೇ ಓದು, ಮಿಕ್ಕಿದ್ದೆಲ್ಲ ದಂಡ ಅನ್ನುತ್ತದೆ ಇನ್ನೊಂದು. ಯಾರ ಮಾತು ಕೇಳಲಿ?

ಅಕ್ಕ: ತೀರ್ಮಾನ ಆಮೇಲೆ. ನೀನು ಯಾಕೆ ಓದುತ್ತಿದ್ದೀಯ, ಮೊದಲು ಅದು ಹೇಳು.

ತಮ್ಮ: ಇದೆಂಥ ಪ್ರಶ್ನೆ! ಅರ್ಥ ಮಾಡಿಕೊಳ್ಳೋದಕ್ಕೆ.

ಅಕ್ಕ: ಅದು ಉತ್ತರವಲ್ಲ ಕಣೋ. ಒಬ್ಬ ಗ್ರಾಹಕನ ಖಾತೆಯಿಂದ ಕರೆಂಟ್ ಬಿಲ್ಲಿನ ಹಣ ಎರಡು ಸಲ ಹೋಗಿದೆ ಅಂದುಕೊ. ಆಗ ನೀನು ಓದುವುದು ತಪ್ಪು ಮಾಡುತ್ತಿರುವ ಒಂದು ಸಾಲನ್ನು ಹಿಡಿಯಲು. ಅದೇ ಕೋಡಿಗೆ ಕಂತಿನಲ್ಲಿ ಕಟ್ಟುವ ಸೌಲಭ್ಯ ಸೇರಿಸಬೇಕು ಅಂದರೆ, ಇಲ್ಲಿ ಕೈ ಹಾಕಿದರೆ ಇನ್ನೆಲ್ಲಿ ಮುರಿಯುತ್ತದೆ ಎಂದು ತಿಳಿಯಲು ಓದುತ್ತೀಯ. ಪಕ್ಕದ ಸೀಟಿನವನು ರಿವ್ಯೂಗೆ ಕಳಿಸಿದ್ದಾನೆ ಅಂದರೆ, ಒಪ್ಪಬೇಕೋ ವಾಪಸ್ ಕಳಿಸಬೇಕೋ ಎಂದು ನಿರ್ಧರಿಸಲು ಓದುತ್ತೀಯ. ಟಿಕೆಟ್ಟು ಗಿಕೆಟ್ಟು ಏನೂ ಇಲ್ಲದೆ ಕಸುಬು ಕಲಿಯಲು ಓದುವುದು ನಾಲ್ಕನೆಯದು. ಓದಿ ಮುಗಿಸಿದಾಗ ಕೈಗೆ ಬರಬೇಕಾದದ್ದು ನಾಲ್ಕರಲ್ಲೂ ಬೇರೆ ಬೇರೆ. ಓದುವ ಬಗೆ ಮಾತ್ರ ಒಂದೇ ಹೇಗಾದೀತು?

ತಮ್ಮ: ‘ಸಂದರ್ಭ ನೋಡಿಕೊಂಡು’ ಅನ್ನೋದು ಜಾಣರ ಉತ್ತರ. ಹಾಗಂದವರು ಯಾವತ್ತೂ ಸಿಕ್ಕಿಬೀಳೋದಿಲ್ಲ. ಎರಡು ಪಂಗಡಗಳನ್ನು ಎದುರು ಬದುರು ಕೂರಿಸಿ ಯಾರಾದರೂ ಪರೀಕ್ಷೆ ಮಾಡಿದ್ದಾರಾ?

ಅಕ್ಕ: ಮಾಡಿದ್ದಾರೆ. 1986ರಲ್ಲಿ ಲಿಟ್‌ಮನ್, ಪಿಂಟೊ, ಲೆಟೋವ್‌ಸ್ಕಿ, ಸಾಲೊವೇ ಎಂಬವರು ಹತ್ತು ಮಂದಿ ವೃತ್ತಿಪರ ಪ್ರೋಗ್ರಾಮರ್‌ಗಳಿಗೆ ಫೋರ್ಟ್ರಾನ್‌ನಲ್ಲಿ ಬರೆದ ಒಂದು ಪ್ರೋಗ್ರಾಂ ಕೊಟ್ಟರು. ನೌಕರರ ವಿವರ ಇಡುವ ಪ್ರೋಗ್ರಾಂ ಅದು. ಅದಕ್ಕೊಂದು ಸೌಲಭ್ಯ ಸೇರಿಸಬೇಕಿತ್ತು. ಐದು ಮಂದಿ ಕ್ರಮವಾಗಿ ಓದಿದರು, ಇನ್ನೈದು ಮಂದಿ ಬೇಕಾದಷ್ಟೇ ಓದಿದರು. ಕ್ರಮವಾಗಿ ಓದಿದವರೆಲ್ಲ ಗೆದ್ದರು, ಉಳಿದವರು ಸೋತರು. ಕಾರಣವೂ ಗೊತ್ತಾಯಿತು. ಬೇಕಾದಷ್ಟೇ ಓದಿದವರಿಗೆ ಪ್ರತಿ ಭಾಗ ಏನು ಮಾಡುತ್ತದೆ ಎಂದು ತಿಳಿದಿತ್ತು. ಆದರೆ ಒಂದು ಭಾಗ ಬದಲಿಸಿಟ್ಟ ಮಾಹಿತಿಯ ಮೇಲೆ ಇನ್ನೊಂದು ಭಾಗ ಹೇಗೆ ನಿಂತಿದೆ ಎಂಬುದು ತಿಳಿದಿರಲಿಲ್ಲ.

ತಮ್ಮ: ಹಾಗಾದರೆ ಮೊದಲ ಪಂಗಡವೇ ಗೆದ್ದಿತಲ್ಲ! ಅಲ್ಲ, ತಡಿ. ಆ ಪ್ರೋಗ್ರಾಂ ಎಷ್ಟು ಸಾಲಿನದು?

ಅಕ್ಕ: ಸುಮಾರು 250.

ತಮ್ಮ: 250 ಸಾಲು! ನಮ್ಮಲ್ಲಿ ಸೆಟ್ಟಿಂಗ್ಸ್ ಇಡುವ ಫೈಲೇ ಅದಕ್ಕಿಂತ ಉದ್ದ ಇದೆ. ಅಷ್ಟನ್ನು ಕ್ರಮವಾಗಿ ಓದುವುದೇನು ದೊಡ್ಡ ಮಾತು? ಲಕ್ಷಗಟ್ಟಲೆ ಸಾಲಿನ ಮುಂದೆ ಕೂತು ಕ್ರಮವಾಗಿ ಓದು ಅಂದರೆ ಪ್ರೊಬೇಷನ್ನೇ ಮುಗಿದುಹೋಗುತ್ತದೆ.

ಅಕ್ಕ: ಸರಿಯಾಗಿ ಹಿಡಿದೆ. ಕೋಡ್ ದೊಡ್ಡದಾದಾಗ ನುರಿತವರು ಏನು ಮಾಡುತ್ತಾರೆ ಎಂದು 1991ರಲ್ಲಿ ಕೋನೆಮನ್ ಮತ್ತು ರಾಬರ್ಟ್‌ಸನ್ ನೋಡಿದರು. ತಮ್ಮ ಕೆಲಸಕ್ಕೆ ಸಂಬಂಧಿಸಿದ್ದು ಎಂದು ಕಂಡದ್ದನ್ನಷ್ಟೇ ಅವರು ಓದುತ್ತಿದ್ದರು. ಹಾಗಾಗಿ ನಿನ್ನ ಎರಡು ಪಂಗಡಗಳೂ ಒಂದೊಂದು ತುದಿ ಹಿಡಿದು ಎಳೆಯುತ್ತಿವೆ, ಅಷ್ಟೆ. ಎಲ್ಲವನ್ನೂ ಓದಲು ಆಗುವುದಿಲ್ಲ. ಕೈ ಹಾಕುವ ಜಾಗದ ಸುತ್ತಮುತ್ತಲಿನದನ್ನು ಬಿಡಲೂ ಆಗುವುದಿಲ್ಲ. ಮೊದಲು ಎಲ್ಲೆ ಹಾಕಿಕೊ, ಆಮೇಲೆ ಎಲ್ಲೆಯ ಒಳಗೆ ಒಂದು ಸಾಲನ್ನೂ ಬಿಡದೆ ಓದು.

ತಮ್ಮ: ಎಲ್ಲೆ ಹಾಕಿಕೊ ಅನ್ನೋದು ಬಾಯಲ್ಲಿ ಹೇಳೋಕೆ ಸುಲಭ. ಏನೂ ಗೊತ್ತಿಲ್ಲದವನಿಗೆ ಎಲ್ಲೆ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು?

ಅಕ್ಕ: ಒಂದೇ ಒಂದು ಪಾವತಿಯನ್ನು ಹಿಡಿದುಕೊ. ಬಳಕೆದಾರ ‘ಕಟ್ಟು’ ಎಂಬ ಬಟನ್ ಒತ್ತಿದಲ್ಲಿಂದ ಡೇಟಾಬೇಸಿನಲ್ಲಿ ರಸೀದಿಯ ಸಾಲು ಕೂರುವವರೆಗೆ ಅದರ ಹಿಂದೆಯೇ ಹೋಗು. ಮೆಜೆಸ್ಟಿಕ್‌ನಲ್ಲಿ ಒಂದು ಬಸ್ ಹತ್ತಿ ಕೊನೆಯ ಸ್ಟಾಪಿನವರೆಗೆ ಕೂತಿದ್ದವನಿಗೆ ಇಡೀ ಊರು ಗೊತ್ತಾಗುವುದಿಲ್ಲ, ಆದರೆ ಒಂದು ದಾರಿಯಂತೂ ಪಕ್ಕಾ ಆಗುತ್ತದೆ. ಆ ದಾರಿಯಲ್ಲಿ ಯಾವ್ಯಾವ ಫಂಕ್ಷನ್ ಬಂತು, ಯಾವ್ಯಾವ ಟೇಬಲ್ಲಿಗೆ ಬರೆಯಿತು ಎಂದು ಕಾಗದದ ಮೇಲೆ ಗುರುತು ಹಾಕು. ನೀನು ಬದಲಿಸಬೇಕಾದ ಟೇಬಲ್ಲಿಗೆ ಇನ್ನೂ ಯಾರು ಯಾರು ಬರೆಯುತ್ತಾರೆ ಎಂದು ಹುಡುಕು. ಸಿಕ್ಕಿದವರೆಲ್ಲ ಎಲ್ಲೆಯ ಒಳಗೆ.

ತಮ್ಮ: ಇದು ಹೊಸ ಸೌಲಭ್ಯಕ್ಕೆ ಸರಿ. ಎರಡು ಸಲ ಹಣ ಹೋದ ಕೇಸಿಗೂ ಹೀಗೇನಾ?

ಅಕ್ಕ: ಅಲ್ಲಿ ದಿಕ್ಕು ತಿರುಗಿಸಬೇಕು. ಬಗ್ ಹುಡುಕುವಾಗ ನಿನ್ನ ಕೈಯಲ್ಲಿ ಒಂದು ತಪ್ಪು ಬೆಲೆ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಓದು. ಈ ಬೆಲೆಯನ್ನು ಕೊನೆಗೆ ಇಟ್ಟದ್ದು ಯಾವ ಸಾಲು, ಆ ಸಾಲು ಓಡಲು ಯಾವ ಷರತ್ತು ನಿಜವಾಗಬೇಕು, ಆ ಷರತ್ತಿನಲ್ಲಿರುವ ವೇರಿಯಬಲ್ಲಿಗೆ ಬೆಲೆ ಬಂದದ್ದು ಎಲ್ಲಿಂದ? ಹೀಗೆ ಹಿಂದೆ ಹೋದರೆ ಒಂದೊಂದು ಫೈಲಿನಿಂದ ನಾಲ್ಕೈದು ಸಾಲು ಹೆಕ್ಕಿದಂತಾಗುತ್ತದೆ. ಅವು ಅಕ್ಕಪಕ್ಕ ಇರುವುದಿಲ್ಲ, ಆದರೂ ಒಟ್ಟಿಗೆ ಒಂದು ಕತೆ ಹೇಳುತ್ತವೆ. ಮಾರ್ಕ್ ವೈಸರ್ ಇದಕ್ಕೆ ಸ್ಲೈಸ್ ಎಂದು ಹೆಸರಿಟ್ಟ. ಬಗ್ ಹುಡುಕುವ ಪ್ರೋಗ್ರಾಮರ್‌ಗಳು ತಮಗೆ ಅರಿವಿಲ್ಲದೆಯೇ ಇಂಥ ಸ್ಲೈಸ್‌ಗಳನ್ನು ತಲೆಯಲ್ಲಿ ಕಟ್ಟಿಕೊಳ್ಳುತ್ತಾರೆ ಎಂದು 1982ರಲ್ಲಿ ಪ್ರಯೋಗ ಮಾಡಿ ತೋರಿಸಿದ. ಅಲ್ಲಿ ಕ್ರಮವಾಗಿ ಓದಲು ಕೂತರೆ ಗ್ರಾಹಕನಿಗೆ ಮೂರನೇ ಸಲವೂ ಹಣ ಹೋಗಿರುತ್ತದೆ.

ತಮ್ಮ: ನಮ್ಮ ಟೀಮ್ ಲೀಡ್ ಒಬ್ಬರಿದ್ದಾರೆ. ಹೊಸ ಫೈಲ್ ತೆಗೆದರೆ ಸರ್ರನೆ ಮೇಲೆ ಕೆಳಗೆ ಓಡಾಡಿಸಿ, ‘ಓ, ಇದು ರೀಟ್ರೈ ಮಾಡೋ ಕೋಡು’ ಅಂದುಬಿಡುತ್ತಾರೆ. ಅವರು ಓದೋದೇ ಕಾಣಿಸೋದಿಲ್ಲ. ಅದು ಯಾವ ಬಗೆ?

ಅಕ್ಕ: ಅವರ ಕಣ್ಣು ಗುರುತುಗಳನ್ನು ಹುಡುಕುತ್ತಿದೆ. 1983ರಲ್ಲಿ ರೂವೆನ್ ಬ್ರೂಕ್ಸ್ ಎಂಬವನು ಇಂಥವನ್ನು ಬೀಕನ್ ಎಂದು ಕರೆದ. ನುರಿತವನು ಮೊದಲು ಊಹೆ ಮಾಡುತ್ತಾನೆ, ಆಮೇಲೆ ಆ ಊಹೆಯನ್ನು ಗಟ್ಟಿ ಮಾಡುವ ಗುರುತಿಗಾಗಿ ಕೋಡನ್ನು ಜಾಲಾಡುತ್ತಾನೆ. ಲೂಪಿನೊಳಗೆ ಪಟ್ಟಿಯ ಎರಡು ಅಂಶಗಳನ್ನು ಅದಲು ಬದಲು ಮಾಡುವ ಮೂರು ಸಾಲು ಕಂಡರೆ, ಇದು ಸಾರ್ಟಿಂಗ್ ಎಂದು ನೀನೂ ಹೇಳುತ್ತೀಯ, ಉಳಿದದ್ದನ್ನು ಓದದೆಯೇ. ಮೂರು ವರ್ಷದ ನಂತರ ವೀಡನ್‌ಬೆಕ್ ಇದನ್ನೇ ಪರೀಕ್ಷಿಸಿದಳು. ಸಾರ್ಟ್ ಮಾಡುವ ಪ್ರೋಗ್ರಾಂ ಓದಿಸಿ ನೆನಪಿನಿಂದ ಬರೆಯಲು ಹೇಳಿದಾಗ, ನುರಿತವರಿಗೆ ಆ ಅದಲು ಬದಲಿನ ಸಾಲುಗಳೇ ಉಳಿದವಕ್ಕಿಂತ ಚೆನ್ನಾಗಿ ನೆನಪಿದ್ದವು. ಹೊಸಬರಲ್ಲಿ ಹಾಗಾಗಲಿಲ್ಲ. ಆಮೇಲೆ, 2015ರಲ್ಲಿ, ಬುಸ್ಯಾನ್ ಮತ್ತು ಸಂಗಡಿಗರು ಕಣ್ಣಿನ ಚಲನೆ ಅಳೆಯುವ ಯಂತ್ರದಿಂದ ನೋಡಿದರು. ಹೊಸಬರೂ ಕೋಡನ್ನು ಕತೆ ಓದಿದಂತೆ ನೇರವಾಗಿ ಓದುವುದಿಲ್ಲ. ನುರಿತವರ ಕಣ್ಣು ಇನ್ನೂ ಹೆಚ್ಚು ಜಿಗಿಯುತ್ತದೆ.

ತಮ್ಮ: ಹಾಗಾದರೆ ನಾನೂ ಜಿಗಿಯೋದನ್ನೇ ಕಲಿತರೆ ಮುಗೀತು.

ಅಕ್ಕ: ಜಿಗಿಯುವುದು ಅವರ ಅನುಭವದ ಫಲ. ಜಿಗಿದರೆ ಅನುಭವ ಬರುತ್ತದೆ ಅಂದುಕೊಳ್ಳಬೇಡ. ಗುರುತು ತಲೆಯಲ್ಲಿ ಇದ್ದವನಿಗೆ ಮಾತ್ರ ಗುರುತು ಕಾಣುತ್ತದೆ. ಇನ್ನೊಂದು ಅಪಾಯವೂ ಇದೆ. ಗುರುತು ಸುಳ್ಳು ಹೇಳಬಹುದು. 1984ರಲ್ಲಿ ಸಾಲೊವೇ ಮತ್ತು ಎರ್ಲಿಕ್, ರೂಢಿಯನ್ನು ಬೇಕೆಂದೇ ಮುರಿದು ಬರೆದ ಪ್ರೋಗ್ರಾಂಗಳನ್ನು ಕೊಟ್ಟು ನೋಡಿದರು. ಕೋಡ್ ರೂಢಿಯಂತೆ ಇದ್ದಾಗ ಹೊಸಬರಿಗಿಂತ ಬಹಳ ಮುಂದಿದ್ದ ನುರಿತವರು, ರೂಢಿ ತಪ್ಪಿದ ಕೋಡಿನಲ್ಲಿ ಹೆಚ್ಚುಕಡಿಮೆ ಹೊಸಬರ ಮಟ್ಟಕ್ಕೇ ಇಳಿದರು. ನಿಮ್ಮ ಲೀಡ್ ‘ಗೆಟ್ ಬ್ಯಾಲೆನ್ಸ್’ ಎಂಬ ಹೆಸರು ನೋಡಿ ಇದು ಬಾಕಿ ಓದಿಕೊಡುತ್ತದೆ ಅಂದುಕೊಂಡು ಮುಂದೆ ಹೋಗುತ್ತಾರೆ. ಒಳಗೆ ಯಾರೋ ಅವಸರದಲ್ಲಿ ಬಾಕಿಯನ್ನು ಬದಲಿಸಿ ಸೇವ್ ಮಾಡುವ ಸಾಲನ್ನೂ ಸೇರಿಸಿದ್ದರೆ ಅದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ತಮ್ಮ: ಸರಿ. ಗುರುತು ನಂಬೋ ಹಾಗಿಲ್ಲ ಅಂದಾಗ ಏನು ಮಾಡಬೇಕು?

ಅಕ್ಕ: ಕೆಳಗಿನಿಂದ ಮೇಲಕ್ಕೆ ಬಾ. ಲಿಂಗರ್, ಮಿಲ್ಸ್, ವಿಟ್ ಎಂಬ ಮೂವರು 1979ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಶಿಸ್ತು ಇದೆ. ಚಿಕ್ಕ ತುಂಡು ತಗೊ, ಅದು ಏನು ಮಾಡುತ್ತದೆ ಎಂದು ಒಂದು ವಾಕ್ಯ ಬರೆ. ಅಂಥ ವಾಕ್ಯಗಳನ್ನು ಕೂಡಿಸಿ ದೊಡ್ಡ ತುಂಡಿಗೆ ಇನ್ನೊಂದು ವಾಕ್ಯ ಬರೆ. ಹೀಗೆ ಇಡೀ ಫಂಕ್ಷನ್ನಿಗೆ ಒಂದೇ ವಾಕ್ಯವಾಗುವವರೆಗೆ ಏರುತ್ತಾ ಹೋಗು. ಹೆಸರನ್ನು ಕೈಯಿಂದ ಮುಚ್ಚಿಕೊಂಡು ಓದಬೇಕು. ಬಾ, ಮಾಡೋಣ. ನಾನು ಹೇಳುತ್ತೇನೆ, ನೀನು ವಾಕ್ಯ ಕಟ್ಟು. ಮೊತ್ತ ಎಂಬ ವೇರಿಯಬಲ್ ಸೊನ್ನೆಯಿಂದ ಶುರು. ಬಿಲ್‌ಗಳ ಪಟ್ಟಿಯ ಮೇಲೆ ಒಂದು ಲೂಪ್. ಒಳಗೆ ಒಂದು ಷರತ್ತು: ಬಿಲ್ಲಿನ ಕೊನೆಯ ದಿನಾಂಕ ಇವತ್ತಿಗಿಂತ ಹಿಂದಿನದಾಗಿರಬೇಕು, ಕಟ್ಟಿದ ಹಣ ಬಿಲ್ಲಿನ ಹಣಕ್ಕಿಂತ ಕಡಿಮೆ ಇರಬೇಕು. ಹಾಗಿದ್ದರೆ ವ್ಯತ್ಯಾಸವನ್ನು ಮೊತ್ತಕ್ಕೆ ಕೂಡು.

ತಮ್ಮ: ‘ಗಡುವು ಮೀರಿದ ಬಿಲ್‌ಗಳಲ್ಲಿ ಇನ್ನೂ ಕಟ್ಟದೆ ಉಳಿದ ಹಣವನ್ನೆಲ್ಲ ಕೂಡುತ್ತದೆ.’

ಅಕ್ಕ: ಭೇಷ್. ಲೂಪ್ ಮುಗಿಯಿತು. ಈಗ ಮೊತ್ತವನ್ನು ಪಟ್ಟಿಯ ಉದ್ದದಿಂದ ಭಾಗಿಸಿ ವಾಪಸ್ ಕೊಡುತ್ತದೆ.

ತಮ್ಮ: ‘ಗಡುವು ಮೀರಿದ ಬಿಲ್‌ಗಳ ಸರಾಸರಿ ಬಾಕಿ.’ ಅಲ್ಲ… ಪಟ್ಟಿಯ ಉದ್ದ ಅಂದರೆ ಎಲ್ಲ ಬಿಲ್‌ಗಳೂ ಬಂದವು. ಗಡುವು ಮೀರದೇ ಇರೋವೂ ಸೇರಿದವು. ಹತ್ತು ಬಿಲ್ಲಿದ್ದು, ಎರಡರ ಗಡುವು ಮೀರಿ, ತಲಾ 500 ರೂಪಾಯಿ ಬಾಕಿ ಇದ್ದರೆ 500 ಬರಬೇಕು. ಇದು 100 ಕೊಡುತ್ತದೆ.

ಅಕ್ಕ: ಈಗ ಕೈ ತೆಗೆದು ಹೆಸರು ನೋಡು. ‘ಆವರೇಜ್ ಓವರ್‌ಡ್ಯೂ’ ಅಂತಿದೆ. ಮೊದಲೇ ಹೆಸರು ನೋಡಿದ್ದರೆ ತಲೆ ಆಡಿಸಿ ಮುಂದೆ ಹೋಗುತ್ತಿದ್ದೆ. ವಾಕ್ಯ ಕಟ್ಟಲು ಹೊರಟಾಗ ‘ಯಾವುದರ ಸರಾಸರಿ’ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕಾಯಿತು. ಅಲ್ಲಿ ಸಿಕ್ಕಿಬಿತ್ತು. ಇನ್ನೊಂದು ಉಳಿದಿದೆ.

ತಮ್ಮ: ಪಟ್ಟಿ ಖಾಲಿಯಿದ್ದರೆ ಸೊನ್ನೆಯಿಂದ ಭಾಗಾಕಾರ.

ಅಕ್ಕ: ಕಂಪ್ಯೂಟರ್ ಮುಟ್ಟದೆಯೇ ಎರಡು ಬಗ್ ಸಿಕ್ಕವು. ಹೀಗೆ ಓದುವುದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಬಸಿಲಿ ಮತ್ತು ಸೆಲ್ಬಿ ಅಳೆದರು. 1987ರಲ್ಲಿ ಪ್ರಕಟವಾಯಿತು. ಕೋಡನ್ನು ಹೀಗೆ ಹಂತಹಂತವಾಗಿ ಓದುವುದು ಒಂದು ಕಡೆ, ಎರಡು ಬಗೆಯ ಟೆಸ್ಟಿಂಗ್ ಇನ್ನೊಂದು ಕಡೆ. ಭಾಗವಹಿಸಿದ ವೃತ್ತಿಪರರು ಟೆಸ್ಟಿಂಗಿಗಿಂತ ಓದಿಯೇ ಹೆಚ್ಚು ದೋಷ ಹಿಡಿದರು. ಆದರೆ ಪೂರ್ತಿ ಕೇಳು. ಒಂದು ಭಾಗ ಇನ್ನೊಂದಕ್ಕೆ ಮಾಹಿತಿ ದಾಟಿಸುವಲ್ಲಿನ ದೋಷಗಳನ್ನು ಹಿಡಿಯುವುದರಲ್ಲಿ ಓದು ಮುಂದಿತ್ತು. ಹರಿವು ಯಾವ ಕವಲಿಗೆ ಹೋಗಬೇಕು ಎಂಬಲ್ಲಿನ ದೋಷಗಳನ್ನು ಹೊರಗಿನಿಂದ ಟೆಸ್ಟ್ ಮಾಡುವುದೇ ಹೆಚ್ಚು ಹಿಡಿಯಿತು. ಅಲ್ಲೂ ಒಂದೇ ಬಗೆ ಎಲ್ಲವನ್ನೂ ಗೆಲ್ಲಲಿಲ್ಲ.

ತಮ್ಮ: ಇದು ಚೆನ್ನಾಗಿದೆ, ಆದರೆ ನಿಧಾನ. ನಾನಾಗಿದ್ದರೆ ಬ್ರೇಕ್‌ಪಾಯಿಂಟ್ ಹಾಕಿ ಓಡಿಸಿಬಿಡುತ್ತಿದ್ದೆ. ಕಣ್ಣಲ್ಲಿ ಓದೋದಕ್ಕಿಂತ ಅದೇ ಬೇಗ. ಒಮ್ಮೊಮ್ಮೆ ಉದ್ದದ ಫಂಕ್ಷನ್ನನ್ನು ನನಗೆ ಬೇಕಾದ ಹಾಗೆ ಒಡೆದು, ಹೆಸರು ಬದಲಿಸಿ, ಅರ್ಥವಾದ ಮೇಲೆ ಎಲ್ಲವನ್ನೂ ಬಿಸಾಕಿಬಿಡುತ್ತೇನೆ. ಅದೂ ಓದೋದೇ ಅಲ್ವಾ?

ಅಕ್ಕ: ಓದುವುದೇ. ಮೈಕೆಲ್ ಫೆದರ್ಸ್ ಹಳೇ ಕೋಡಿನ ಬಗ್ಗೆ 2004ರಲ್ಲಿ ಬರೆದ ಪುಸ್ತಕದಲ್ಲಿ ಆ ಉಪಾಯಕ್ಕೆ ಹೆಸರೇ ಇದೆ, ಸ್ಕ್ರಾಚ್ ರೀಫ್ಯಾಕ್ಟರಿಂಗ್. ಬಿಸಾಕುವುದು ಅದರ ಮುಖ್ಯ ಅಂಗ. ಅರ್ಥವಾಗಲೆಂದು ಮಾಡಿದ್ದನ್ನೇ ಕಮಿಟ್ ಮಾಡಿ ಕುಳಿತರೆ ಹೊಸ ಬಗ್ಗುಗಳು ಹುಟ್ಟುತ್ತವೆ. ಬ್ರೇಕ್‌ಪಾಯಿಂಟಿನ ಬಗ್ಗೆ ಮಾತ್ರ ಒಂದು ಮಾತು. ಓಡಿಸಿ ನೋಡಿದಾಗ ಕಾಣುವುದು ನೀನು ಕೊಟ್ಟ ಒಂದು ಇನ್‌ಪುಟ್ಟಿಗೆ ಏನಾಯಿತು ಎಂಬುದಷ್ಟೆ. ಖಾಲಿ ಪಟ್ಟಿ ಕೊಡಬೇಕು ಎಂದು ನಿನಗೆ ಹೊಳೆಯದಿದ್ದರೆ ಡಿಬಗರ್ ತಾನಾಗಿ ಹೇಳುವುದಿಲ್ಲ. ಯಾವ ಇನ್‌ಪುಟ್ ಕೊಡಬೇಕೆಂದು ಹೊಳೆಯುವುದು ಓದಿನಿಂದ.

ತಮ್ಮ: ರಿವ್ಯೂಗೆ ಬರೋಣ. ನನಗೆ ಬೇಜಾರಿನ ಕೆಲಸ ಅದು. ಡಿಫ್ ತೆಗೆಯೋದು, ಕೆಳಗಿನವರೆಗೆ ಸ್ಕ್ರೋಲ್ ಮಾಡೋದು, ಒಂದೆರಡು ಸ್ಪೆಲ್ಲಿಂಗ್ ಹಿಡಿಯೋದು, ಅಪ್ರೂವ್ ಒತ್ತೋದು. ಎಲ್ಲರೂ ಮಾಡೋದು ಅಷ್ಟೇ.

ಅಕ್ಕ: ಪ್ರಶ್ನೆಯೇ ಇಲ್ಲದ ಓದು ಅದು. 2014ರ ಫೆಬ್ರವರಿಯಲ್ಲಿ ಆಪಲ್ ಅವಸರದಲ್ಲಿ ಐಫೋನ್‌ಗಳಿಗೆ ಒಂದು ಅಪ್‌ಡೇಟ್ ಬಿಟ್ಟಿತು. ನಮ್ಮವರು ‘ಗೋಟು ಫೇಲ್’ ಬಗ್ ಅನ್ನುತ್ತಾರಲ್ಲ, ಅದನ್ನು ಸರಿಪಡಿಸಲು. ಸುರಕ್ಷಿತ ಸಂಪರ್ಕ ಮಾಡುವಾಗ ಎದುರಿನ ಸರ್ವರ್ ಕೊಟ್ಟ ಸಹಿ ನಿಜವೋ ಎಂದು ಪರೀಕ್ಷಿಸುವ ಫಂಕ್ಷನ್ನಿನಲ್ಲಿ ಆ ಬಗ್ ಇತ್ತು. ಸಾಲಾಗಿ ಪರೀಕ್ಷೆಗಳು. ಪ್ರತಿಯೊಂದರ ಕೆಳಗೂ, ಎಡವಟ್ಟಾದರೆ ‘ಗೋಟು ಫೇಲ್’, ಅಂದರೆ ಕೊನೆಯ ಭಾಗಕ್ಕೆ ಜಿಗಿ ಎಂಬ ಸಾಲು. ಒಂದು ಕಡೆ ಆ ಸಾಲು ಎರಡು ಸಲ ಬಿದ್ದಿತ್ತು. ಷರತ್ತಿಗೆ ಕರ್ಲಿ ಬ್ರಾಕೆಟ್ ಇರಲಿಲ್ಲ. ಹಾಗಾಗಿ ಮೊದಲ ಸಾಲು ಮಾತ್ರ ಷರತ್ತಿನ ಹಿಡಿತದಲ್ಲಿತ್ತು. ಎರಡನೆಯದು ಯಾವಾಗಲೂ ಓಡುತ್ತಿತ್ತು.

ತಮ್ಮ: ಯಾವಾಗಲೂ ಫೇಲ್‌ಗೆ ಜಿಗಿದರೆ ಯಾವ ಸಂಪರ್ಕವೂ ಆಗಬಾರದಿತ್ತಲ್ಲ? ಮೊದಲ ದಿನವೇ ಗೊತ್ತಾಗಬೇಕಿತ್ತು.

ಅಕ್ಕ: ಅಲ್ಲೇ ಇರುವುದು ಮಜಾ. ಜಿಗಿಯುವ ಹೊತ್ತಿಗೆ ಎರರ್ ವೇರಿಯಬಲ್ಲಿನಲ್ಲಿ ಸೊನ್ನೆ ಇತ್ತು. ಸೊನ್ನೆ ಅಂದರೆ ಎಲ್ಲ ಸರಿ ಎಂದರ್ಥ. ಹೆಸರು ಫೇಲ್, ಒಯ್ಯುತ್ತಿದ್ದ ಫಲಿತಾಂಶ ಪಾಸ್. ಸಹಿಯನ್ನು ನಿಜವಾಗಿ ಪರೀಕ್ಷಿಸುವ ಸಾಲು ಅದರ ಕೆಳಗಿತ್ತು. ಅಲ್ಲಿಗೆ ಹರಿವು ತಲುಪುತ್ತಲೇ ಇರಲಿಲ್ಲ. ಒಳ್ಳೆಯ ಸರ್ವರ್‌ಗಳ ಜೊತೆ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಕಳ್ಳ ಸರ್ವರ್ ಬಂದರೂ ಸರಿಯೆಂದೇ ಒಪ್ಪಿಕೊಳ್ಳುತ್ತಿತ್ತು. ಎರಡೂ ಸಾಲುಗಳು ಒಂದೇ ಅಂಚಿಗೆ ಒತ್ತಾಗಿ ಕೂತಿದ್ದವು, ಸ್ಕ್ರೋಲ್ ಮಾಡುವ ಕಣ್ಣಿಗೆ ಏನೂ ಅನ್ನಿಸುವುದಿಲ್ಲ. ಈಗ ಹೇಳು, ಯಾವ ಬಗೆಯಲ್ಲಿ ಓದಿದ್ದರೆ ಸಿಗುತ್ತಿತ್ತು?

ತಮ್ಮ: ಚೆಕ್‌ಲಿಸ್ಟ್ ಇಟ್ಟುಕೊಂಡು ಓದಿದ್ದರೆ. ‘ಪ್ರತಿ ಷರತ್ತಿಗೂ ಬ್ರಾಕೆಟ್ ಇದೆಯಾ?’ ಅಂತ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಅಕ್ಕ: ಹೌದು. ಐಬಿಎಮ್‌ನ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಇನ್‌ಸ್ಪೆಕ್ಷನ್ ಪದ್ಧತಿಯ ಕಾಲದಿಂದಲೂ ಚೆಕ್‌ಲಿಸ್ಟ್ ಇದೆ. ಹಿಂದೆ ಆದ ತಪ್ಪು ಮತ್ತೆ ಆಗದಂತೆ ಕಾಯಲು ಅದು ಒಳ್ಳೆಯದು. ಆದರೆ ಪಟ್ಟಿಯಲ್ಲಿ ಇಲ್ಲದ ತಪ್ಪು ಅದಕ್ಕೆ ಕಾಣುವುದಿಲ್ಲ. ಪಟ್ಟಿ ಉದ್ದವಾದಂತೆ ಜನ ಓದದೆಯೇ ಟಿಕ್ ಹಾಕಲು ಶುರುಮಾಡುತ್ತಾರೆ. ಇನ್ನೂ ಒಂದು ದಾರಿ ಇದೆ. 1990ರ ದಶಕದಲ್ಲಿ ಬಸಿಲಿ ಮತ್ತು ಸಂಗಡಿಗರು ನಾಸಾದ ಗಾಡರ್ಡ್ ಕೇಂದ್ರದ ಜೊತೆ ಕೆಲಸ ಮಾಡುತ್ತಾ ದೃಷ್ಟಿಕೋನ ಹಿಡಿದು ಓದುವ ಪದ್ಧತಿಯನ್ನು ರೂಪಿಸಿದರು. ಸಾಫ್ಟ್‌ವೇರ್ ಏನು ಮಾಡಬೇಕು ಎಂದು ವಿವರಿಸುವ ದಾಖಲೆಗಳಿಗಾಗಿ ಶುರುವಾದದ್ದು, ಆಮೇಲೆ ಕೋಡಿಗೂ ಬಂತು. ಒಬ್ಬ ಬಳಕೆದಾರನಾಗಿ ಓದುತ್ತಾನೆ, ಒಬ್ಬ ಟೆಸ್ಟರ್ ಆಗಿ, ಇನ್ನೊಬ್ಬ ವಿನ್ಯಾಸಗಾರನಾಗಿ. ಸುಮ್ಮನೆ ಓದುವುದಲ್ಲ, ಟೆಸ್ಟರ್ ಪಾತ್ರದವನು ಓದುತ್ತಾ ಓದುತ್ತಾ ಟೆಸ್ಟ್ ಕೇಸ್ ಬರೆಯಬೇಕು. ಗೋಟು ಫೇಲ್ ಫಂಕ್ಷನ್ನನ್ನು ಹಾಗೆ ಓದಿದವನು ಬರೆಯುವ ಮೊದಲ ಕೇಸುಗಳಲ್ಲಿ ಒಂದು ಏನಿರುತ್ತದೆ?

ತಮ್ಮ: ‘ಸುಳ್ಳು ಸಹಿ ಕೊಟ್ಟರೆ ತಿರಸ್ಕರಿಸಬೇಕು.’ ಅದನ್ನು ಕೋಡಿನಲ್ಲಿ ಸಾಲು ಸಾಲಾಗಿ ನಡೆಸಿ ನೋಡಿದರೆ ಎರಡನೇ ಗೋಟು ಹತ್ತಿರ ಎಡವಲೇಬೇಕು.

ಅಕ್ಕ: ಬ್ರಾಕೆಟ್ಟಿನ ಯೋಚನೆಯೇ ಇಲ್ಲದೆ ಸಿಕ್ಕಿತು. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್‌ಗೂ ಇದೇ ಮಾತು. ‘ನಾನು ಇಷ್ಟು ಬೈಟ್ ಕಳಿಸಿದ್ದೇನೆ’ ಎಂದು ಎದುರಿನವನು ಹೇಳಿದ್ದನ್ನು ಸುರಕ್ಷಿತ ಸಂಪರ್ಕಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ಹಾಗೇ ನಂಬಿತ್ತು. ಕಳಿಸಿದ್ದು ಒಂದೆರಡು ಬೈಟ್, ಹೇಳಿದ್ದು 64 ಕೆಬಿ ಆದರೆ, ಸರ್ವರಿನ ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದೆಲ್ಲ ಆಚೆ ಹೋಗುತ್ತಿತ್ತು. ದಾಳಿ ಮಾಡುವವನ ಕಣ್ಣಿನಿಂದ ಓದಿದವನು ಮೊದಲು ಕೇಳುವ ಪ್ರಶ್ನೆಯೇ ‘ನಾನು ಸುಳ್ಳು ಅಂಕಿ ಹೇಳಿದರೆ?’ ಎಂಬುದು.

ತಮ್ಮ: ಹಾಗಾದರೆ ಚೆಕ್‌ಲಿಸ್ಟ್ ಬಿಟ್ಟು ಇದನ್ನೇ ಹಿಡಿಯೋಣ.

ಅಕ್ಕ: ಮತ್ತೆ ಒಂದನ್ನೇ ಹಿಡಿಯಲು ಹೊರಟೆ. ಚೆಕ್‌ಲಿಸ್ಟಿಗಿಂತ ಇದು ಮೇಲು ಎಂದು ಕೆಲವು ಪ್ರಯೋಗಗಳಲ್ಲಿ ಬಂತು, ಇನ್ನು ಕೆಲವದರಲ್ಲಿ ಹಾಗೆ ಬರಲಿಲ್ಲ. ಟೀಮಿನಲ್ಲಿ ಮೂರು ಜನ ರಿವ್ಯೂ ಮಾಡುತ್ತೀರಾದರೆ ಪಾತ್ರ ಹಂಚಿಕೊಳ್ಳಿ. ಒಬ್ಬನೇ ಇದ್ದರೆ ಆ ಕೋಡ್ ಕೆಟ್ಟರೆ ಹೆಚ್ಚು ಏಟು ತಿನ್ನುವವರು ಯಾರೋ ಅವರ ಕಣ್ಣಿನಿಂದ ಓದು. ಬ್ರಾಕೆಟ್ಟು, ಸ್ಪೇಸು, ಸ್ಪೆಲ್ಲಿಂಗು ಎಲ್ಲ ಲಿಂಟರ್ ನೋಡಿಕೊಳ್ಳಲಿ. ರಿವ್ಯೂಗೆಂದು ಎಲ್ಲರೂ ಸೇರುವ ಮೀಟಿಂಗಿಗೆ ಕಾಯಬೇಡ. ಹೆಚ್ಚಿನ ದೋಷಗಳು ಮೀಟಿಂಗಿಗೆ ಮೊದಲು ಒಬ್ಬೊಬ್ಬರೇ ಕೂತು ಓದುವಾಗಲೇ ಸಿಗುತ್ತವೆ, ಮೀಟಿಂಗಿನಿಂದ ಹೊಸದಾಗಿ ಸಿಗುವುದು ಕಡಿಮೆ ಎಂದು ಲಾರೆನ್ಸ್ ವೋಟ 1993ರಲ್ಲೇ ವಾದಿಸಿದ.

ತಮ್ಮ: 1,200 ಸಾಲಿನ ಡಿಫ್ ಬಂದರೆ? ಯಾವ ಕಣ್ಣಿನಿಂದ ಓದಿದರೂ ಕಣ್ಣೇ ಹೋಗುತ್ತದೆ.

ಅಕ್ಕ: ವಾಪಸ್ ಕಳಿಸು, ಒಡೆದು ತಾ ಎನ್ನು. ಫೇಗನ್‌ನ ಲೆಕ್ಕದಲ್ಲಿ ಎಚ್ಚರದಿಂದ ಪರಿಶೀಲಿಸುವ ವೇಗ ಗಂಟೆಗೆ ನೂರು ಚಿಲ್ಲರೆ ಸಾಲು. ಅಂದರೆ ನಿನ್ನ ಡಿಫ್ ಒಂದು ದಿನದ ಕೆಲಸಕ್ಕಿಂತ ಹೆಚ್ಚು. ಅದನ್ನು ಊಟಕ್ಕೆ ಮೊದಲು ಅಪ್ರೂವ್ ಮಾಡಿದವನು ಓದಿಲ್ಲ ಎಂದೇ ಅರ್ಥ.

ತಮ್ಮ: ಒಂದು ಮಾತು ಕೇಳಲೇಬೇಕು ಅಕ್ಕಾ. ಈಗ ಎಐ ಟೂಲಿಗೆ ಕೇಳಿದರೆ ಇಡೀ ಫೈಲಿನ ಸಾರಾಂಶ ಕ್ಷಣದಲ್ಲಿ ಕೊಡುತ್ತದೆ. ಕೋಡ್ ಬರೆಯೋದೂ ಅದೇ. ನೀನು ಹೇಳಿದ್ದೆಲ್ಲ ಮೂವತ್ತು ನಲವತ್ತು ವರ್ಷ ಹಿಂದಿನ ಮಾತು. ಇನ್ನೂ ಯಾಕೆ ಬೇಕು?

ಅಕ್ಕ: ನಾನೂ ಬಳಸುತ್ತೇನೆ. ಎಲ್ಲೆ ಹಾಕಿಕೊಳ್ಳಲು, ‘ಈ ಟೇಬಲ್ಲಿಗೆ ಬರೆಯುವ ಜಾಗಗಳೆಲ್ಲ ಎಲ್ಲಿವೆ’ ಎಂದು ಕೇಳಲು ಅದು ಒಳ್ಳೆಯ ಜೊತೆಗಾರ. ಆದರೆ ಅದು ಕೊಡುವ ಸಾರಾಂಶವನ್ನು ನಾನು ಒಂದು ಬೀಕನ್ ಎಂದು ತಿಳಿಯುತ್ತೇನೆ. ಊಹೆಗೆ ಆಸರೆ, ಅಷ್ಟೆ. ಹೆಸರು, ಕಮೆಂಟು, ರೂಢಿ ನೋಡಿ ಅದೂ ಮೋಸ ಹೋಗಬಹುದು. ‘ಆವರೇಜ್ ಓವರ್‌ಡ್ಯೂ’ ಫಂಕ್ಷನ್ನಿಗೆ ‘ಗಡುವು ಮೀರಿದ ಬಿಲ್‌ಗಳ ಸರಾಸರಿ ಲೆಕ್ಕ ಹಾಕುತ್ತದೆ’ ಎಂದು ಬರೆದುಬಿಡಬಹುದು. ಒಮ್ಮೆ ಬಗ್ಗನ್ನೂ ಹಿಡಿಯಬಹುದು. ಎರಡರಲ್ಲಿ ಯಾವುದಾಯಿತು ಎಂದು ನಿನಗೆ ತಿಳಿಯುವುದು ನೀನು ವಾಕ್ಯ ಕಟ್ಟಿ ನೋಡಿದಾಗಲೇ. ಇನ್ನು ಅದೇ ಬರೆದ ಕೋಡು. ಅದನ್ನು ಬರೆಯುವಾಗ ನೀನು ಯೋಚಿಸಿರುವುದಿಲ್ಲ. ಹಾಗಾಗಿ ನಿನ್ನ ಹೆಸರಿನಲ್ಲಿ ಕಮಿಟ್ ಆಗುವ ಕೋಡನ್ನೂ ನೀನು ಹೊರಗಿನವನಂತೆ ರಿವ್ಯೂ ಮಾಡಬೇಕಾದ ಕಾಲ ಬಂದಿದೆ. ಓದುವ ಕೆಲಸ ಅದರಿಂದ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ತಮ್ಮ: ನಾಲ್ಕನೆಯದು ಉಳಿಯಿತು. ಕಸುಬು ಕಲಿಯಲು ಓದುವುದು.

ಅಕ್ಕ: ಅಲ್ಲಿ ಮಾತ್ರ ನಿನ್ನ ಮೊದಲ ಪಂಗಡ ಹೇಳಿದ್ದೇ ಸರಿ. ಮೊದಲಿನಿಂದ ಕೊನೆವರೆಗೆ ಓದು. ಆದರೆ ಪೂರ್ತಿ ಓದಿ ಮುಗಿಸಬಹುದಾದಷ್ಟು ಚಿಕ್ಕದನ್ನು ಆರಿಸಿಕೊ. 1976ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್, ಯುನಿಕ್ಸ್ ಆರನೇ ಆವೃತ್ತಿಯ ಕರ್ನಲ್ಲನ್ನು ತರಗತಿಯಲ್ಲಿ ಓದಿಸಲು ಎರಡು ಪುಸ್ತಿಕೆ ಮಾಡಿದ. ಒಂದರಲ್ಲಿ ಕೋಡು, ಒಂದರಲ್ಲಿ ವ್ಯಾಖ್ಯಾನ. ಕೋಡು ಹತ್ತು ಸಾವಿರ ಸಾಲಿನೊಳಗೆ ಮುಗಿಯುತ್ತಿತ್ತು. ಆಮೇಲೆ ಯುನಿಕ್ಸ್ ಏಳನೇ ಆವೃತ್ತಿಯ ಪರವಾನಗಿ ಕೋಡನ್ನು ತರಗತಿಯಲ್ಲಿ ಪಾಠ ಮಾಡುವುದನ್ನೇ ತಡೆಯಿತು. ಆ ಪುಸ್ತಿಕೆಗಳು ಜೆರಾಕ್ಸ್ ಆಗಿ ಕೈಯಿಂದ ಕೈಗೆ ಓಡಾಡಿದವು. ಅಂಗಡಿಯಲ್ಲಿ ಸಿಗುವ ಪುಸ್ತಕವಾಗಿ ಬಂದದ್ದು 1996ರಲ್ಲಿ. ಒಂದು ತಲೆಮಾರಿನ ಪ್ರೋಗ್ರಾಮರ್‌ಗಳು ಆಪರೇಟಿಂಗ್ ಸಿಸ್ಟಂ ಕಲಿತದ್ದು ಆ ಜೆರಾಕ್ಸ್ ಪ್ರತಿಗಳಿಂದ. ಇಂದು ಅದೇ ಜಾಗದಲ್ಲಿ ಎಂಐಟಿಯವರು 2006ರಲ್ಲಿ ತಮ್ಮ ತರಗತಿಗಾಗಿ ಬರೆದ ಎಕ್ಸ್‌ವಿ6 ಇದೆ, ಬೇಕಾದವರು ಇಳಿಸಿಕೊಂಡು ಓದಬಹುದು.

ತಮ್ಮ: ಬಿಲ್ ಪಾವತಿ ಮಾಡುವವನಿಗೆ ಕರ್ನಲ್ ಯಾಕೆ?

ಅಕ್ಕ: ಪಾವತಿಗೆ ಬೇಡ. ನಿಮ್ಮ ಲೀಡ್ ಸರ್ರನೆ ಗುರುತು ಹಿಡಿಯುತ್ತಾರೆ ಅಂದೆಯಲ್ಲ, ಆ ಗುರುತುಗಳು ಬಂದದ್ದು ಎಲ್ಲಿಂದ? ಒಂದು ಕಾಲದಲ್ಲಿ ಅವರೂ ಯಾವುದೋ ಕೋಡನ್ನು ಸಾಲು ಬಿಡದೆ ಓದಿರುತ್ತಾರೆ. ಲಾಕ್ ಹಾಕುವುದು ಹೇಗಿರುತ್ತದೆ, ಸರತಿ ಸಾಲು ಹೇಗಿರುತ್ತದೆ, ಅರ್ಧಕ್ಕೆ ನಿಂತ ಕೆಲಸವನ್ನು ಹೇಗೆ ಎತ್ತಿಕೊಳ್ಳುತ್ತಾರೆ ಎಂದು ಅಲ್ಲಿ ಒಮ್ಮೆ ಪೂರ್ತಿ ಕಂಡವನಿಗೆ, ಎರಡು ಸಲ ಹಣ ಹೋದ ಪಾವತಿಯಲ್ಲಿ ಲಾಕ್ ಇಲ್ಲದ್ದು ಬೇಗ ಕಾಣುತ್ತದೆ.

ತಮ್ಮ: ಒಪ್ಪಿದೆ. ಆದರೆ ಮ್ಯಾನೇಜರ್ ಕೇಳೋದು ಒಂದೇ, ‘ಎಷ್ಟು ಹೊತ್ತು?’ ನಾಲ್ಕು ಬಗೆಯಲ್ಲಿ ಯಾವುದನ್ನೇ ಹಿಡಿದರೂ ಓದು ಮುಗಿಯಿತು ಅಂತ ಹೇಗೆ ಗೊತ್ತಾಗಬೇಕು? ಕೋಡಿಗೆ ಕೊನೆಯ ಪುಟ ಇಲ್ಲವಲ್ಲ.

ಅಕ್ಕ: ಫೈಲ್ ತೆಗೆಯುವ ಮೊದಲು ಓದಿನಿಂದ ಉತ್ತರ ಸಿಗಬೇಕಾದ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊ. ಓದಿದ ಮೇಲೆ, ಕೋಡ್ ಓಡಿಸುವ ಮೊದಲು, ಏನಾಗುತ್ತದೆ ಎಂದು ಭವಿಷ್ಯ ಬರೆ. ಈ ಸಾಲು ಬದಲಿಸಿದರೆ ಈ ಟೆಸ್ಟ್ ಮುರಿಯಬೇಕು, ಅದು ಮುರಿಯಬಾರದು ಅಂತ. ಆಮೇಲೆ ಓಡಿಸು. ಭವಿಷ್ಯ ನಿಜವಾದರೆ ಆ ಪ್ರಶ್ನೆಯ ಮಟ್ಟಿಗೆ ಓದು ಮುಗಿದಿದೆ, ಎದ್ದು ಕೆಲಸ ಶುರುಮಾಡು. ಇನ್ನೂ ಓದಬೇಕು ಎಂಬ ಆಸೆ ಬಂದರೆ ಅದು ಆಸೆ ಮಾತ್ರ, ಟಿಕೆಟ್ಟಿನ ಖಾತೆಗೆ ಬರೆಯಬೇಡ.

ತಮ್ಮ: ಭವಿಷ್ಯ ಸುಳ್ಳಾದರೆ ಮತ್ತೆ ಮೊದಲಿನಿಂದ ಓದಬೇಕಾ?

ಅಕ್ಕ: ಮೊದಲಿನಿಂದ ಯಾಕೆ? ಎಲ್ಲಿ ಸುಳ್ಳಾಯಿತೋ ಅಲ್ಲಿಂದ ಹಿಂದಕ್ಕೆ. ಈಗ ನಿನ್ನ ಕೈಯಲ್ಲಿ ತಪ್ಪಿದ ಬೆಲೆ ಒಂದಿದೆ, ಬಗ್ ಹುಡುಕುವಾಗ ಇದ್ದಂತೆಯೇ.